ಸೂರ್ಯನ ಸಹಿಯಿಲ್ಲದ ಚಕ್ಕುಬಂದಿ

ಬೆಂಗಳೂರಿನ ನಮ್ಮ ಮನೆಯ ಮುಂದಿನ ರಸ್ತೆ, ನಿಂತು ನೋಡಿದರೆ ಪೂರ್ವಕ್ಕಿದೆ. ಕ್ರಯಪತ್ರದ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಗಳ ವಿವರ, ಓದಿದರೆ ಪಶ್ಚಿಮಕ್ಕಿದೆ. ದಿನವೂ ಆ ರಸ್ತೆಯ ಆಚೆಯೇ ಹುಟ್ಟುವ ಸೂರ್ಯ ಪತ್ರಕ್ಕೆ ಸಾಕ್ಷಿ ಹಾಕಿಲ್ಲವಾದ್ದರಿಂದ ಅವನ ಮಾತು ನಡೆಯುವುದಿಲ್ಲ.

ಇಂಥದ್ದನ್ನು ಕಾನೂನು ತಪ್ಪೆಂದು ಒಪ್ಪುತ್ತದೆಯೇ ಎಂದು ತಿಳಿಯಲು 1872ರ ಭಾರತೀಯ ಕರಾರು ಕಾಯ್ದೆಯನ್ನು ಬಿಡಿಸಿದೆ. ಕರಾರಿಗೆ ಮುಖ್ಯವಾದ ಸಂಗತಿಯೊಂದನ್ನು ಇಬ್ಬರೂ ತಪ್ಪಾಗಿ ತಿಳಿದಿದ್ದರೆ ಕರಾರು ಶೂನ್ಯ ಎನ್ನುವ 20ನೇ ಕಲಂ, ವ್ಯಾಪಾರ ಕುದುರುವ ಹೊತ್ತಿಗಾಗಲೇ ಇಬ್ಬರಿಗೂ ತಿಳಿಯದಂತೆ ಸತ್ತುಹೋಗಿದ್ದ ಕುದುರೆಯೊಂದನ್ನು ಉದಾಹರಣೆಯಾಗಿ ಕೊಡುತ್ತದೆ. ಒಬ್ಬನೇ ತಪ್ಪು ತಿಳಿದಿದ್ದರೆ ಅಷ್ಟರಿಂದಲೇ ಕರಾರನ್ನು ರದ್ದುಮಾಡಲಾಗದೆಂದು 22ನೇ ಕಲಂ ಹೇಳುತ್ತದೆ. ಅಂದರೆ ತಪ್ಪನ್ನೂ ಮದುವೆಯಂತೆ ಜೋಡಿಯಾಗಿಯೇ ಮಾಡಿಕೊಳ್ಳಬೇಕು. ವಸ್ತುವಿನ ಬೆಲೆಯ ಬಗೆಗಿನ ತಪ್ಪು ಅಭಿಪ್ರಾಯವು ಸಂಗತಿಯ ತಪ್ಪಲ್ಲ ಎಂಬ ವಿವರಣೆಯೂ 20ನೇ ಕಲಂನಲ್ಲಿಯೇ ಇದೆ. ಈ ಊರಿನಲ್ಲಿ ಸೈಟು ಕೊಳ್ಳುವವರನ್ನು 150 ವರ್ಷ ಮೊದಲೇ ಕಂಡಿದ್ದವರು ಬರೆದಂತಿದೆ. ನಡುವಿನ 21ನೇ ಕಲಂ ಪ್ರಕಾರ ನಮ್ಮ ದೇಶದ ಕಾನೂನನ್ನು ತಪ್ಪಾಗಿ ತಿಳಿದವನಿಗೆ ರಿಯಾಯಿತಿಯಿಲ್ಲ, ಪರದೇಶದ ಕಾನೂನನ್ನು ತಪ್ಪಾಗಿ ತಿಳಿದರೆ ಮಾತ್ರ ಅದು ಸಂಗತಿಯ ತಪ್ಪಿಗೆ ಸಮ.

ಪತ್ರ ಬರೆದವರನ್ನು ಕೇಳಿದರೆ ಸದ್ಭಾವನೆಯಿಂದಲೇ ಬರೆದೆನೆಂದರು. 1897ರ ಸಾಮಾನ್ಯ ಖಂಡಗಳ ಕಾಯ್ದೆಯ ಪ್ರಕಾರ ಪ್ರಾಮಾಣಿಕವಾಗಿ ಮಾಡಿದ್ದು, ಅಜಾಗರೂಕತೆಯಿಂದ ಮಾಡಿದ್ದರೂ, ಸದ್ಭಾವನೆಯೇ; 1860ರ ದಂಡ ಸಂಹಿತೆಯ ಪ್ರಕಾರ ತಕ್ಕ ಎಚ್ಚರಿಕೆಯಿಲ್ಲದೆ ಮಾಡಿದ್ದು ಸದ್ಭಾವನೆಯೇ ಅಲ್ಲ, ಮತ್ತು 2024ರ ಜುಲೈನಲ್ಲಿ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದೇ ಮಾತನ್ನು ಉಳಿಸಿಕೊಂಡಿದೆ. ಹೀಗಾಗಿ ತೂಕಡಿಸುತ್ತ ದಿಕ್ಕು ಬರೆದ ಮಹನೀಯರು ಒಂದು ಪುಸ್ತಕದಲ್ಲಿ ಸದ್ಭಾವನೆಯ ಮೂರ್ತಿ, ಪಕ್ಕದ ಪುಸ್ತಕದಲ್ಲಿ ಅದರ ಸೋಂಕೂ ಇಲ್ಲದವರು. (ನಾನು ಮಾತ್ರ ಎರಡೂ ಪುಸ್ತಕಗಳಲ್ಲಿ ಓದದೆ ಸಹಿ ಹಾಕಿದವನು.)

ತಿದ್ದುಪಡಿ ಪತ್ರಕ್ಕೆಂದು ಕಚೇರಿಗೆ ಹೋದಾಗ, ರಸ್ತೆ ಪೂರ್ವಕ್ಕಿದೆಯೆಂಬುದಕ್ಕೆ ದಾಖಲೆ ಕೇಳಿದರು. ಸಾಕ್ಷ್ಯದ ಕಾನೂನಿನಲ್ಲಿ ರುಜುವಾತಾದದ್ದು, ಸುಳ್ಳೆಂದು ರುಜುವಾತಾದದ್ದು ಎಂಬ ಎರಡಲ್ಲದೆ, ಎರಡೂ ಅಲ್ಲದ 'ರುಜುವಾತಾಗದ್ದು' ಎಂಬ ಮೂರನೆಯ ಜಾತಿಯೊಂದಿದೆ. ನಮ್ಮ ರಸ್ತೆ ಸದ್ಯಕ್ಕೆ ಅಲ್ಲಿ ವಾಸವಾಗಿದೆ. ಕೊನೆಗೆ, ಸೂರ್ಯನು ಪೂರ್ವದಲ್ಲಿ ಹುಟ್ಟುವನೆಂಬುದು ನನ್ನ ತಿಳಿವಳಿಕೆ ಮತ್ತು ನಂಬಿಕೆಯ ಮಟ್ಟಿಗೆ ಸತ್ಯವೆಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಬರೆಸಿದೆ. ನೋಟರಿಯವರು ಕಿಟಕಿಯಾಚೆ ಒಮ್ಮೆಯೂ ನೋಡದೆ ಮೊಹರು ಒತ್ತಿದರು.