ಮಿಣುಕುಹುಳ, ಮೂರಕ್ಷರ

ನನ್ನ ಪದಬಂಧದ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ಬೆಳಗ್ಗೆಯಿಂದ ನಾನು ಯಾಕೆ ಉರಿದುಬೀಳುತ್ತಿದ್ದೇನೆ ಅಂತ ಹೇಳಿಬಿಡುತ್ತೇನೆ.

ಪೂರ್ತಿ ತುಂಬಿಸಿದ್ದೆ. ಮೂಲೆಯಲ್ಲಿ ಮೂರೇ ಮನೆ ಖಾಲಿ. ಎಡದಿಂದ ಬಲಕ್ಕೆ: ಮಿಣುಕುಹುಳ (3). ಮೇಲಿನಿಂದ ಕೆಳಕ್ಕೆ: ಕಡಿವಾಣ (3). ಎರಡೂ ಒಂದೇ ಮನೆಯಿಂದ ಶುರು. ಒಂದರ ಕೊನೆಗೆ ‘ತ’ ಸಿಕ್ಕಿದೆ, ಇನ್ನೊಂದಕ್ಕೆ ‘ನ’. ಮುಕ್ಕಾಲು ಗಂಟೆ ತಲೆ ಕೆರೆದುಕೊಂಡೆ. ಉತ್ತರ ಏನು ಗೊತ್ತಾ? ಖದ್ಯೋತ, ಖಲೀನ. ಒಂದು ಗೊತ್ತಿದ್ದರೆ ಇನ್ನೊಂದಕ್ಕೆ ಊರುಗೋಲಾಗುತ್ತದೆ ಅನ್ನೋದು ಪದಬಂಧದ ನಿಯತ್ತು. ಇಲ್ಲಿ ಕುರುಡನಿಗೆ ಕುರುಡ ದಾರಿ ತೋರಿಸಿದ ಹಾಗಾಯಿತು.

ಇಂಗ್ಲಿಷ್ ಪದಬಂಧದವರು ಇಂಥದ್ದಕ್ಕೆ ‘ನೇಟಿಕ್’ ಅಂತ ಹೆಸರನ್ನೇ ಇಟ್ಟಿದ್ದಾರೆ. ಬಾಸ್ಟನ್ ಮ್ಯಾರಥಾನ್ ಹಾದುಹೋಗುವ ಊರು ಅದು. 2008ರ ಒಂದು ಪದಬಂಧದಲ್ಲಿ ಆ ಊರಿನ ಹೆಸರೂ ಎನ್.ಸಿ. ವೈಯೆತ್ ಅನ್ನೋ ಚಿತ್ರಕಾರನ ಹೆಸರೂ ಒಂದೇ ‘ಎನ್’ ಮೇಲೆ ಕತ್ತರಿ ಹಾಕಿದ್ದವು. ಎರಡೂ ಗೊತ್ತಿಲ್ಲದವನು ಏನು ಮಾಡಬೇಕು? ಚಾಳಿ ಹಳೆಯದು ಬಿಡಿ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಹಾಕಿದ ಮೊದಲ ಪದಬಂಧದಲ್ಲೇ ‘ಗೊಮುಟಿ ತಾಳೆಯ ನಾರು’ ಅಂತ ಸುಳಿವಿತ್ತು. ಉತ್ತರ ‘ಡೋ’. ಹುಟ್ಟುಗುಣ!

ಪದಬಂಧ ಇರೋದೇ ಹೊಸ ಪದ ಕಲಿಯೋಕೆ ಅಲ್ವಾ ಅಂತೀರಿ. ಕಲಿಸಿ ಸ್ವಾಮಿ, ಬೇಡ ಅಂದವರ್ಯಾರು? ನಿಘಂಟಿನ ಅರ್ಥವನ್ನು ಹಾಗೇ ಎತ್ತಿ ಇಟ್ಟರೆ ಅದು ಕಲಿಸೋದಲ್ಲ, ಸುಮ್ನೆ ಸತಾಯಿಸೋದು. ಕನ್ನಡದಲ್ಲಿ ಕಟ್ಟೋದು ಕಷ್ಟ, ಒಪ್ಪಿದೆ. ಒಂದು ಮನೆಯಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕೂರಬೇಕು. ಅಡ್ಡ ಬರೋ ಪದದಲ್ಲೂ ಅದೇ ‘ದ್ಯೋ’ ಇರಬೇಕು ಅಂದರೆ ಎಲ್ಲಿಂದ ತರ್ತಾರೆ, ಪಾಪ. ಆದರೆ ಸುಳಿವು ಬರೆಯೋಕೆ ಯಾವ ಚೌಕವೂ ಅಡ್ಡ ಬರಲ್ಲವಲ್ಲ!

ನಾಚಿಕೆ ಬಿಟ್ಟು ಹೇಳ್ತೀನಿ, ಕೊನೆಗೆ ಫೋನಲ್ಲಿ ನೋಡಿದೆ. ನೋಡಿದ ಮೇಲೆ ಸಿಟ್ಟು ಜಾಸ್ತಿಯಾಯಿತು. ಯಾಕೆಂದರೆ ಪದ ಅಷ್ಟು ಚೆನ್ನಾಗಿದೆ. ‘ಖ’ ಅಂದರೆ ಆಕಾಶ, ನಮ್ಮ ‘ಖಗ’ದಲ್ಲಿರೋದೂ ಅದೇ. ಆಕಾಶದಲ್ಲಿ ಬೆಳಗೋದು ಖದ್ಯೋತ. ಸೂರ್ಯನಿಗೂ ಅದೇ ಹೆಸರು, ಹುಳಕ್ಕೂ ಅದೇ ಹೆಸರು! ‘ಹಗಲಲ್ಲಿ ಸೂರ್ಯ, ರಾತ್ರಿಯಲ್ಲಿ ಹುಳ’ ಅಂತ ಕೊಟ್ಟಿದ್ದರೆ ಸೋತರೂ ಖುಷಿಯಿಂದ ಸೋಲುತ್ತಿದ್ದೆ. ಇಂಥ ಪದ ಕೈಲಿಟ್ಟುಕೊಂಡು ‘ಮಿಣುಕುಹುಳ’ ಅಂತ ಬರೆದು ಕೈತೊಳೆದುಕೊಂಡಿದ್ದಾರಲ್ಲ, ಆ ಸೋಮಾರಿತನಕ್ಕೆ ಏನನ್ನಬೇಕು?

ಇದೇ ಪುಣ್ಯಾತ್ಮರ ಇನ್ನೊಂದು ಸುಳಿವು: ಕಮಲ (3). ಪಂಕಜ, ನಳಿನ, ರಾಜೀವ, ನೀರಜ, ಜಲಜ, ವಾರಿಜ, ಅಂಬುಜ, ಸರೋಜ... ಸುಳಿವೋ, ಹಾಜರಿ ಪುಸ್ತಕವೋ? ನಾನು ‘ತಾವರೆ’ ಅಂತ ಹಾಕಿದ್ದೇನೆ. ಅದೂ ಪೆನ್ನಲ್ಲಿ. ಅಡ್ಡ ಬರೋ ಪದ ಏನಾದರೂ ಮಾಡಿಕೊಳ್ಳಲಿ.