ಉಳಿತಾಯ ಬಜೆಟ್‌ಗೆ ಮೇಜು ತಟ್ಟುವ ಮುನ್ನ

ಫೆಬ್ರವರಿ, ಮಾರ್ಚ್ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಅದೇ ತಲೆಬರಹ: ‘ನಗರಸಭೆ: ಇಷ್ಟು ಲಕ್ಷ ಉಳಿತಾಯ ಬಜೆಟ್’. ಚರಂಡಿ ತುಂಬಿ ರಸ್ತೆಗೆ ಹರಿದರೂ ಬಜೆಟ್ ಮಾತ್ರ ಉಳಿತಾಯದ್ದೇ!

ಅಂದಾಜು ತಯಾರಿಸುವುದು ಅಧಿಕಾರಿಗಳು, ಒಪ್ಪುವುದು ಚುನಾಯಿತ ಸದಸ್ಯರ ಕೌನ್ಸಿಲ್. ಪಾಲಿಕೆಯಾದರೆ 1976ರ ಕಾಯ್ದೆಯಂತೆ ಆಯುಕ್ತರಿಂದ ಸ್ಥಾಯಿ ಸಮಿತಿಗೆ, ಅಲ್ಲಿಂದ ಸಾಮಾನ್ಯ ಸಭೆಗೆ ಬರುತ್ತದೆ. ನಗರಸಭೆ, ಪುರಸಭೆಗಳಿಗೆ 1964ರ ಕಾಯ್ದೆ. ಅಧಿಕಾರವೇನೋ ಇದೆ. ಆದರೆ ಸದಸ್ಯರು ನಿಜವಾಗಿ ಕೈಯಾಡಿಸಬಹುದಾದ ದುಡ್ಡು ಎಷ್ಟು?

ಕೇಂದ್ರದ 15ನೇ ಹಣಕಾಸು ಆಯೋಗದ 2021-26ರ ಅನುದಾನವನ್ನೇ ನೋಡಿ. ಸಣ್ಣ ಮತ್ತು ಮಧ್ಯಮ ನಗರಗಳಿಗೆ ಅದರಲ್ಲಿ ಶೇ 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ಸ್ವಂತ ಆದಾಯದಲ್ಲೂ ಪರಿಶಿಷ್ಟರಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಮೀಸಲು. ಇದು ಸರಿಯಾದದ್ದೇ. ಖರ್ಚಾಗದೆ ಉಳಿದು ‘ಉಳಿತಾಯ’ದಲ್ಲಿ ಸೇರಿಕೊಳ್ಳುವುದು ಮಾತ್ರ ಸರಿಯಲ್ಲ. ಇನ್ನು ಆಸ್ತಿ ತೆರಿಗೆಯ ಜೊತೆ ಉಪಕರ ವಸೂಲಾಗುತ್ತದಲ್ಲ, 1,000 ರೂಪಾಯಿ ತೆರಿಗೆಗೆ ಗ್ರಂಥಾಲಯದ್ದು 60, ಭಿಕ್ಷುಕರದ್ದು 30. ಆ 90 ರೂಪಾಯಿ ಊರಿನದಲ್ಲ, ಕಟ್ಟಬೇಕಾದಲ್ಲಿಗೆ ಕಟ್ಟಲೇಬೇಕು. ಗುತ್ತಿಗೆದಾರರ ಠೇವಣಿಯದೂ ಇದೇ ಕಥೆ, ಒಂದಲ್ಲ ಒಂದು ದಿನ ವಾಪಸ್ ಕೊಡಬೇಕಾದ ಹಣ. ಇವೆಲ್ಲ ‘ಅಸಾಧಾರಣ’ ಲೆಕ್ಕದಲ್ಲಿ, ಅಂದರೆ ಬಂದು ಹಾಗೇ ಹೋಗುವ ಹಣದ ಲೆಕ್ಕದಲ್ಲಿರುತ್ತವೆ. ಅಂತಿಮ ಶಿಲ್ಕು (ವರ್ಷದ ಕೊನೆಗೆ ಕೈಯಲ್ಲುಳಿಯುವ ಹಣ) ಹೇಳುವಾಗ ಅದನ್ನೂ ಸೇರಿಸಿ ಹೇಳಿದರೆ ಉಳಿತಾಯ ಉಬ್ಬದೆ ಇನ್ನೇನಾಗುತ್ತದೆ?

ದೊಡ್ಡ ಆಟ ನಡೆಯುವುದು ಆದಾಯದ ಕಾಲಂನಲ್ಲಿ. ವರ್ಷಗಳಿಂದ ಬಾರದ ನೀರಿನ ಬಾಕಿ ಈ ವರ್ಷ ಪೂರ್ತಿ ಬರುತ್ತದೆಂದು ಬರೆಯುತ್ತಾರೆ. ಹರಾಜೇ ಆಗದ ಮಳಿಗೆಗಳ ಬಾಡಿಗೆಯನ್ನೂ ಹಾಕುತ್ತಾರೆ. ಆ ಅಂಕಿ ನಂಬಿ ವಾರ್ಡಿಗೆ ಇಷ್ಟೆಂದು ಕಾಮಗಾರಿ ಹಂಚಿ ಟೆಂಡರ್ ಕರೆಯುತ್ತಾರೆ. ಕೆಲಸ ಮುಗಿಯುತ್ತದೆ, ಬಿಲ್ ನಿಲ್ಲುತ್ತದೆ. ಮುಂದಿನ ವರ್ಷದ ಹಣದಲ್ಲಿ ಹಳೆ ಬಿಲ್ ತೀರಿಸಬೇಕು. ದುಡ್ಡು ತಡವಾಗುತ್ತದೆಂದು ಗೊತ್ತಿರುವ ಗುತ್ತಿಗೆದಾರ ಮುಂದಿನ ಟೆಂಡರ್‌ನಲ್ಲಿ ದರ ಏರಿಸುತ್ತಾನೆ, ಇಲ್ಲವೇ ಜಲ್ಲಿ, ಡಾಂಬರಿನಲ್ಲಿ ಉಳಿಸಿಕೊಳ್ಳುತ್ತಾನೆ.

ಹಾಗಾಗಿ ಸದಸ್ಯರು ಖರ್ಚಿನ ಪುಟಕ್ಕೆ ಹಾರುವ ಮುನ್ನ ಎರಡು ಕಾಗದ ಕೇಳಲಿ. ಒಂದು, ಆಸ್ತಿ ತೆರಿಗೆ ಮತ್ತು ನೀರಿನ ಬೇಡಿಕೆ, ವಸೂಲಿ, ಬಾಕಿ ಪಟ್ಟಿ. ಇನ್ನೊಂದು, ಪಾವತಿಗೆ ಬಾಕಿ ಇರುವ ಬಿಲ್‌ಗಳ ಪಟ್ಟಿ, ದಿನಾಂಕ ಸಮೇತ. ಬಜೆಟ್ ಪುಸ್ತಕದಲ್ಲಿ ಕಳೆದ ವರ್ಷದ ಅಂದಾಜಿನ ಪಕ್ಕದಲ್ಲೇ ವಾಸ್ತವದ ಕಾಲಂ ಇರುತ್ತದೆ. ಬಾಡಿಗೆ ಹೋದ ಸಲ 40 ಲಕ್ಷ ಅಂದಾಜಿಸಿ 11 ಬಂದಿದ್ದರೆ ಈ ಸಲ 45 ಯಾವ ಆಧಾರದ ಮೇಲೆ ಎಂದು ಕೇಳಬೇಕು. ಉತ್ತರ ಬರುವವರೆಗೆ ಆ ಬಾಬ್ತನ್ನು ಒಪ್ಪಬಾರದು. ಬಜೆಟ್ ಪೂರ್ವಭಾವಿ ಸಭೆಗೆ ಸಲಹೆ ಕೊಡಲು ಹೋಗುವ ನಾಗರಿಕರಿಗೂ ಇದೇ ಮಾತು. ದ್ವಾರ, ಪುತ್ಥಳಿಗಳ ಬೇಡಿಕೆ ಆಮೇಲೆ ಇಡಿ.

ಬೆಂಗಳೂರಿನಲ್ಲಂತೂ ಇಷ್ಟು ಕೇಳುವವರೂ ಇರಲಿಲ್ಲ. ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್ 10ಕ್ಕೆ. ಅಲ್ಲಿಂದ 2025-26ರವರೆಗಿನ ಐದೂ ಬಜೆಟ್, ಕೊನೆಯದು 19 ಸಾವಿರ ಕೋಟಿ ದಾಟಿದ್ದು, ಒಬ್ಬ ಕಾರ್ಪೊರೇಟರ್ ಕೂಡ ಕೈ ಎತ್ತದೆ ಪಾಸಾದವು.