ಕಾಶೀನಾಥ್ ಅಂದ್ರೆ ಅಷ್ಟೇನಾ?

ಮೊನ್ನೆ ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಸಿನಿಮಾ ನಿರ್ದೇಶಕ, ನಟ ಕಾಶೀನಾಥ್ ಮಾತು ಬಂತು. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಯಾರು, ಆ ಡಬಲ್ ಮೀನಿಂಗ್ ಪಿಕ್ಚರ್ ಮಾಡ್ತಿದ್ನಲ್ಲ, ಅವನಾ?" ಅಂದರು. ಎಲೆ ಮುಂದೆ ವಾದ ಬೇಡ ಅಂತ ಸುಮ್ಮನಾದೆ. ಆದರೆ ಮನೆಗೆ ಬಂದ ಮೇಲೂ ಆ ಮಾತು ಚುಚ್ಚುತ್ತಲೇ ಇದೆ.

1976ರಲ್ಲಿ 'ಅಪರೂಪದ ಅತಿಥಿಗಳು' ನಿರ್ದೇಶಿಸಿದಾಗ ಅವರಿಗೆ ಇಪ್ಪತ್ತೈದರ ಆಸುಪಾಸು. ಎರಡೇ ವರ್ಷಕ್ಕೆ ಬಂದ 'ಅಪರಿಚಿತ' ಅಪ್ಪಟ ಸಸ್ಪೆನ್ಸ್ ಚಿತ್ರ. ಸುರೇಶ್ ಹೆಬ್ಳೀಕರ್, ಶೋಭಾ ಇದ್ದ ಆ ಸಿನಿಮಾವನ್ನು ಇವತ್ತು ಹಾಕಿದರೂ ನಡುವೆ ಎದ್ದುಹೋಗಲು ಮನಸ್ಸಾಗುವುದಿಲ್ಲ. ಅದನ್ನೇ 1981ರಲ್ಲಿ ಮಿಥುನ್ ಚಕ್ರವರ್ತಿ ಜೊತೆ ಹಿಂದಿಗೂ ತಂದರು. ಬೇರೇನೂ ಕೈಗೆ ಹತ್ತದೆ ಪೋಲಿ ಜೋಕಿಗೆ ಇಳಿದರು ಅನ್ನುವವರು ಮೊದಲು ಇದನ್ನು ನೋಡಬೇಕು.

ಆಮೇಲೆ 1984ರ 'ಅನುಭವ'. ನಮ್ಮ ಮನೆಯಲ್ಲಿ ಈ ಹೆಸರನ್ನು ಜೋರಾಗಿ ಹೇಳುವಂತಿರಲಿಲ್ಲ. ಕಾಲೇಜಿಗೆ ಹೋಗುವಾಗ ಗೆಳೆಯನ ಮನೆಯಲ್ಲಿ ಕದ ಹಾಕಿಕೊಂಡು ವಿಸಿಆರ್‌ನಲ್ಲಿ ನೋಡಿದೆವು. ಏನನ್ನೋ ನಿರೀಕ್ಷಿಸಿ ಕೂತಿದ್ದ ನಾವು ಕೊನೆಗೆ ಯಾರೂ ಮಾತಾಡದೆ ಎದ್ದು ಹೋದೆವು. ದಾಂಪತ್ಯ ಅಂದರೇನು ಅಂತಲೇ ಗೊತ್ತಿಲ್ಲದ ಹಳ್ಳಿ ಹುಡುಗಿಯನ್ನು ಮದುವೆ ಮಾಡಿ ಕಳಿಸಿದರೆ ಏನಾಗುತ್ತದೆ? ಯಾವ ಮನೆಯಲ್ಲೂ ಯಾರೂ ಬಾಯಿಬಿಡದ ಈ ಪ್ರಶ್ನೆಯನ್ನು ಅವರು ನಗಿಸುತ್ತಲೇ ತೆರೆಯ ಮೇಲೆ ಇಟ್ಟಿದ್ದರು. ಎಲ್. ವೈದ್ಯನಾಥನ್ ಅವರ 'ಹೋದೆಯಾ ದೂರ' ಹಾಡನ್ನು ಕೇಳಿ ಕಣ್ಣು ಒದ್ದೆ ಮಾಡಿಕೊಳ್ಳುವ ಎಷ್ಟೋ ಜನಕ್ಕೆ ಅದು ಆ 'ಕೆಟ್ಟ ಪಿಕ್ಚರ್'ನದು ಅನ್ನುವುದೇ ನೆನಪಿರುವುದಿಲ್ಲ. ಉಮಾಶ್ರೀ ಅನ್ನುವ ದೈತ್ಯ ಪ್ರತಿಭೆಯನ್ನು ನಾಡಿನ ಮನೆಮನೆಗೆ ಪರಿಚಯಿಸಿದ್ದೂ ಅದೇ ಸಿನಿಮಾ.

ನನಗೆ ಅವರು ಆಪ್ತರಾಗಲು ಇನ್ನೊಂದು ಕಾರಣ ಇದೆ. ರಾಜ್‌ಕುಮಾರ್, ವಿಷ್ಣು, ಅಂಬರೀಷ್ ಇದ್ದ ಕಾಲದಲ್ಲಿ ಸಣಕಲು ಮೈಯ, ಕನ್ನಡಕ ಹಾಕಿದ, ಹುಡುಗಿ ಎದುರು ಬಂದರೆ ತಡವರಿಸುವವನೊಬ್ಬ ನಾಯಕ ಅಂತ ನಿಂತುಕೊಂಡ. ಹತ್ತು ಜನರನ್ನು ಹೊಡೆದು ಉರುಳಿಸುವ ಗೋಜಿಗೆ ಹೋಗಲಿಲ್ಲ. ಕನ್ನಡಕ ಹಾಕುತ್ತಿದ್ದ, ಆಟದಲ್ಲಿ ಯಾರೂ ತಂಡಕ್ಕೆ ಸೇರಿಸಿಕೊಳ್ಳದ ನನ್ನಂಥ ಹುಡುಗನಿಗೆ ಅದು ಎಂಥ ಧೈರ್ಯ ಅಂತ ಹೇಳಿದರೆ ಅರ್ಥವಾಗುತ್ತೋ ಇಲ್ಲವೋ. 1988ರ 'ಅವಳೇ ನನ್ನ ಹೆಂಡ್ತಿ' ಅವರ ನಿರ್ದೇಶನದ್ದಲ್ಲ, ಆದರೆ ವರದಕ್ಷಿಣೆಯ ವಿರುದ್ಧ ನಿಲ್ಲುವ ಆ ಹುಡುಗನಾಗಿ ಬೇರೆ ಯಾರನ್ನೂ ಊಹಿಸಿಕೊಳ್ಳಲಾರೆ. ಹಿಂದಿಯಲ್ಲಿ ಆಮಿರ್ ಖಾನ್ ಮಾಡಿದ್ದರು.

ಎಲ್ಲವೂ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. 'ಅನಂತನ ಅವಾಂತರ'ದ ಕೆಲವು ದೃಶ್ಯಗಳನ್ನು ಈಗ ಮಗಳ ಜೊತೆ ಕೂತು ನೋಡಲು ಆಗುವುದಿಲ್ಲ. ಹೆಣ್ಣಿನ ಕಡೆ ಕ್ಯಾಮೆರಾ ತಿರುಗಿದ ರೀತಿ ನನಗೂ ಇರಿಸುಮುರಿಸು ತಂದಿದೆ. ಗೆದ್ದ ದಾರಿಯನ್ನೇ ಮತ್ತೆ ಮತ್ತೆ ಹಿಡಿದದ್ದು ಅವರಿಗೇ ನಷ್ಟ ಮಾಡಿತು ಅಂತಲೂ ಅನ್ನಿಸುತ್ತದೆ. ಇದನ್ನೆಲ್ಲ ಟೀಕಿಸಿ, ಬೇಡ ಅನ್ನುವುದಿಲ್ಲ. ಆದರೆ ಒಬ್ಬ ಮನುಷ್ಯನ ನಲವತ್ತು ವರ್ಷದ ದುಡಿಮೆಯನ್ನು ಎರಡು ಪದಕ್ಕೆ ಮುಗಿಸಬೇಡಿ.

ಅವರ ಹತ್ತಿರ ಕಲಿತವರನ್ನಾದರೂ ನೋಡಿ. ಉಪೇಂದ್ರ ಪಳಗಿದ್ದು ಅಲ್ಲೇ. ವಿ. ಮನೋಹರ್ ಬಂದದ್ದೂ ಅದೇ ಗರಡಿಯಿಂದ. 1992ರಲ್ಲಿ 'ತರ್ಲೆ ನನ್ಮಗ' ಬಂದಾಗ ಉಪೇಂದ್ರ ಮೊದಲ ಸಲ ನಿರ್ದೇಶಕ, ಮನೋಹರ್ ಮೊದಲ ಸಲ ಸಂಗೀತ ನಿರ್ದೇಶಕ. ಕೈಕೆಳಗಿನ ಹುಡುಗರು ತನ್ನನ್ನೂ ಮೀರಿ ಬೆಳೆಯುವಂಥ ಜಾಗ ಕೊಟ್ಟ ಗುರುಗಳು ನಮ್ಮ ಚಿತ್ರರಂಗದಲ್ಲಿ ಎಷ್ಟು ಜನ ಇದ್ದಾರೆ?

2017ರಲ್ಲಿ 'ಚೌಕ' ಬಂತು. 'ಅಪ್ಪಾ ಐ ಲವ್ ಯೂ' ಹಾಡಿನಲ್ಲಿ ನೆರೆತ ಕೂದಲಿನ ಕಾಶೀನಾಥ್. ಮರುವರ್ಷ ಜನವರಿ 18ರಂದು ಅವರು ಹೋದ ಸುದ್ದಿ ಟಿವಿಯಲ್ಲಿ ಬಂದಾಗ ನನ್ನ ಮಗಳು ಅಡುಗೆಮನೆಗೆ ಓಡಿಬಂದು, "ಅಪ್ಪಾ, ಆ ಹಾಡಿನ ಅಪ್ಪ ತೀರಿಕೊಂಡ್ರಂತೆ" ಅಂದಳು.